ಹೊಸ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಕೈಕೊಟ್ಟರೆ ಏನು ಮಾಡಬೇಕು: ಮೈಸೂರು, ಮಂಡ್ಯದವರಿಗೆ ಪೂರ್ತಿ ಮಾರ್ಗದರ್ಶಿ

ಲ್ಯಾಪ್‌ಟಾಪ್ ತಂದು ಇಎಂಐನ ಎರಡನೇ ಕಂತು ಕೂಡ ಕಟ್ಟಿಲ್ಲ, ಅಷ್ಟರಲ್ಲಿ ಡಿಸ್ಕ್ ಹೋಯಿತು ಅಂದರೆ ಹೊಟ್ಟೆ ಉರಿಯುತ್ತದೆ. ಆದರೂ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗಿಂತ ನೀವು ವಾಸಿ. ವಾರಂಟಿ ಇದೆ, ಹೊಸ ಡಿಸ್ಕ್ ಪುಕ್ಕಟೆ ಸಿಗುತ್ತದೆ. ಸಿಗದೇ ಇರುವುದು ಅದರೊಳಗೆ ನೀವು ತುಂಬಿಟ್ಟಿದ್ದು. ವಾರಂಟಿ ಕಾಗದ ತೆಗೆದು ನೋಡಿ, ಡೇಟಾಗೆ ನಾವು ಜವಾಬ್ದಾರರಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು. ನನ್ನ ಪ್ರಕಾರ ಅದು ಮೂರನೇ ಕೆಲಸ. ಮೊದಲು ಡೇಟಾ ಹೊರಗೆ ತೆಗೆಯಿರಿ, ಆಮೇಲೆ ಡಿಸ್ಕ್ ಕೆಟ್ಟಿದೆ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಳ್ಳಿ, ಫೋನ್ ಅದಾದ ಮೇಲೆ.

ಈಗ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಇರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವಂಥದ್ದು. ಅಂಗಡಿಯವರಿಂದ ಹಿಡಿದು ಮನೆಯವರತನಕ ಅದಕ್ಕೂ ಹಾರ್ಡ್ ಡಿಸ್ಕ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಫರಕು ಇರುವ ಕಡೆ ಮಾತ್ರ ಬಿಡಿಸಿ ಹೇಳುತ್ತೇನೆ.

ನಿಜವಾಗಿ ಡಿಸ್ಕೇ ಹೋಗಿದೆಯಾ?

ಹೊಸ ಲ್ಯಾಪ್‌ಟಾಪ್ ನಿಧಾನ ಆದ ಮಾತ್ರಕ್ಕೆ ಡಿಸ್ಕ್ ಹೋಗಿದೆ ಅಂತಲ್ಲ. ಮೊದಲ ಒಂದೆರಡು ದಿನ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತಾ, ಫೈಲ್‌ಗಳ ಪಟ್ಟಿ ಮಾಡಿಕೊಳ್ಳುತ್ತಾ ಇರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ 100% ಅಂತ ತೋರಿಸುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಇರುವ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಂತೂ ಇದು ಜಾಸ್ತಿ. ಇದೊಂದನ್ನೇ ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಹೋದರೆ ವಾಪಸ್ ಕಳಿಸುತ್ತಾರೆ. ಕಳಿಸಿದರೆ ಅವರದ್ದು ತಪ್ಪೂ ಅಲ್ಲ.

ಅನುಮಾನ ಪಡಬೇಕಾದ ಲಕ್ಷಣಗಳು ಬೇರೆ. ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು. ಕಾಪಿ ಮಾಡುವಾಗ ಪ್ರತಿ ಸಲ ಅದೇ ಫೈಲ್‌ಗೆ ಬಂದು ನಿಂತುಬಿಡುವುದು. ಆನ್ ಮಾಡಿದಾಗಲೆಲ್ಲ ಡಿಸ್ಕ್ ರಿಪೇರಿ ಮಾಡುತ್ತಿದ್ದೇನೆ ಅನ್ನುವ ಸ್ಕ್ರೀನ್ ಬರುವುದು. ಬೂಟ್ ಡಿವೈಸ್ ಸಿಗಲಿಲ್ಲ ಅನ್ನುವ ಕಪ್ಪು ಪರದೆ. ತಿರುಗುವ ಡಿಸ್ಕ್ ಆದರೆ ಒಳಗಿನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತದೆ. ಎಸ್‌ಎಸ್‌ಡಿ ಹಾಗಲ್ಲ, ಎಷ್ಟೋ ಸಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. ನಿನ್ನೆ ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದರೆ ಬಯೋಸ್‌ನಲ್ಲೇ (ವಿಂಡೋಸ್‌ಗೂ ಮೊದಲು ಓಡುವ ಸೆಟ್ಟಿಂಗ್ ಪರದೆ) ಇಲ್ಲ. ಕೆಲವು ಎಸ್‌ಎಸ್‌ಡಿ ಬರೆಯುವುದನ್ನು ಮಾತ್ರ ನಿಲ್ಲಿಸಿಬಿಡುತ್ತವೆ: ಇರುವ ಫೈಲ್ ತೆರೆಯುತ್ತದೆ, ಹೊಸದೇನೂ ಸೇವ್ ಆಗುವುದಿಲ್ಲ. ಹಾಗೇನಾದರೂ ಆಗಿದ್ದರೆ ಅದೃಷ್ಟ ಅಂದುಕೊಂಡು ಆಗಲೇ ಕಾಪಿ ಶುರು ಮಾಡಿ.

ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಈ ಸಾಫ್ಟ್‌ವೇರ್ ಆ ಲೆಕ್ಕವನ್ನು ಓದಿ ತೋರಿಸುತ್ತದೆ ಅಷ್ಟೆ, ಡಿಸ್ಕ್‌ಗೆ ಹೆಚ್ಚಿನ ಶ್ರಮ ಕೊಡುವುದಿಲ್ಲ. ತೆರೆದ ಕೂಡಲೇ ಎಡಗಡೆ ಒಂದು ಬಣ್ಣದ ಪಟ್ಟಿ ಕಾಣುತ್ತದೆ. ನೀಲಿ ಇದ್ದರೆ ಗುಡ್, ಹಳದಿ ಇದ್ದರೆ ಕಾಷನ್, ಕೆಂಪು ಇದ್ದರೆ ಬ್ಯಾಡ್. ಬಣ್ಣ ನೋಡಿ ಮುಚ್ಚಿಬಿಡಬೇಡಿ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಅನ್ನುವ ಮೂರು ಸಾಲು ಹುಡುಕಿ. ಹಾಳಾದ ಜಾಗವನ್ನು ಬಿಟ್ಟು ಮೀಸಲು ಜಾಗಕ್ಕೆ ಎಷ್ಟು ಸೆಕ್ಟರ್ (ಡಿಸ್ಕ್‌ನ ಸಣ್ಣ ಸಣ್ಣ ತುಂಡು) ಸ್ಥಳಾಂತರ ಆಗಿದೆ ಅನ್ನುವುದು 05. ಸರಿಯಾಗಿ ಓದಲು ಆಗದೆ, ಕೆಟ್ಟಿದೆಯೋ ಇಲ್ಲವೋ ಅಂತ ತೀರ್ಮಾನ ಆಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ ಸಿ5. ಸರಿಪಡಿಸಲು ಆಗದವು ಸಿ6. ಬಲ ತುದಿಯ ರಾ ವ್ಯಾಲ್ಯೂಸ್ ಕಾಲಂನಲ್ಲಿ ಈ ಮೂರಕ್ಕೂ ಬರೀ ಸೊನ್ನೆ ಇರಬೇಕು. ತಂದು ಕೆಲವೇ ತಿಂಗಳಾದ ಡಿಸ್ಕ್‌ನಲ್ಲಿ ಸಿ5 ಸೊನ್ನೆ ಬಿಟ್ಟು ಮೇಲಕ್ಕೆ ಹೋಗುತ್ತಿದೆ ಅಂದರೆ ಅದನ್ನು ನಂಬಿಕೊಂಡು ಕೂರಬೇಡಿ. ಆ ಕಾಲಂ ಮಾಮೂಲಾಗಿ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತದೆ ಅನ್ನುವುದು ನೆನಪಿರಲಿ. ಅಲ್ಲಿ 18 ಅಂತ ಕಂಡರೆ ನಿಜವಾದ ಲೆಕ್ಕ 24. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ಹೋಗಿ ಅದನ್ನು ಹತ್ತರ ಲೆಕ್ಕಕ್ಕೆ ಬದಲಿಸಬಹುದು.

ಸಿ7 ಮಾತ್ರ ಏರುತ್ತಿದ್ದು ಉಳಿದವೆಲ್ಲ ಸೊನ್ನೆ ಇದ್ದರೆ ಡಿಸ್ಕ್ ಚೆನ್ನಾಗಿದ್ದು ಕೇಬಲ್ಲೋ ಕನೆಕ್ಟರೋ ಸಡಿಲ ಆಗಿರುವ ಸಾಧ್ಯತೆ ಜಾಸ್ತಿ. ಇದನ್ನು ಇಂಜಿನಿಯರ್‌ಗೆ ಹೇಳಿ. ಇಲ್ಲದಿದ್ದರೆ ಡಿಸ್ಕ್ ಬದಲಾಗುತ್ತದೆ, ತೊಂದರೆ ಅಲ್ಲೇ ಉಳಿಯುತ್ತದೆ. ಎನ್‌ವಿಎಂಇ ಅನ್ನುವ ಹೊಸ ಬಗೆಯ ಎಸ್‌ಎಸ್‌ಡಿಯಲ್ಲಿ ಈ ಸಾಲುಗಳು ಇರುವುದಿಲ್ಲ. ಅಲ್ಲಿ ಕ್ರಿಟಿಕಲ್ ವಾರ್ನಿಂಗ್ ಮತ್ತು ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಎರಡೂ ಸೊನ್ನೆ ಇವೆಯಾ ನೋಡಿ.

ಡೇಟಾ ಮೊದಲು

ಈ ಹಂತದಲ್ಲಿ ಮಾಡಬಾರದ್ದೇ ಜಾಸ್ತಿ. ಯಾರೋ ಹೇಳಿದರು ಅಂತ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ಸಿಸ್ಟಂ ಸರಿ ಮಾಡುವ ಸಾಧನ, ಸಾಯುತ್ತಿರುವ ಡಿಸ್ಕ್‌ನ ಮೂಲೆ ಮೂಲೆಯನ್ನೂ ಓದಿಸಿ ಇರುವ ಜೀವವನ್ನೂ ತೆಗೆದುಬಿಡುತ್ತದೆ. ಚೆದುರಿದ ಫೈಲ್ ಜೋಡಿಸುವ ಡಿಫ್ರಾಗ್ ಬೇಡ. ವಿಂಡೋಸ್ ರೀಸೆಟ್ ಬೇಡವೇ ಬೇಡ. ಡಿಸ್ಕನ್ನು ಕವರ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡುವ ಹಳೇ ಉಪಾಯ ಹೇಳುವವರು ಈಗಲೂ ಇದ್ದಾರೆ, ಸುಮ್ನೆ ನಕ್ಕು ಬಿಟ್ಟುಬಿಡಿ.

ಒಂದು ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ದೊಡ್ಡ ಪೆನ್ ಡ್ರೈವ್ ಹಾಕಿ, ಚಿಕ್ಕದಾಗಿದ್ದು ಮತ್ತೆ ಸಿಗದೇ ಇರುವುದನ್ನು ಮೊದಲು ಕಾಪಿ ಮಾಡಿ. ಪ್ರಾಜೆಕ್ಟ್ ರಿಪೋರ್ಟ್, ಸ್ಕ್ಯಾನ್ ಮಾಡಿಟ್ಟ ಪಹಣಿ, ಮಾರ್ಕ್ಸ್ ಕಾರ್ಡ್, ಮನೆಯ ಫೋಟೋ. ಸಿನಿಮಾ, ಗೇಮ್ ಎಲ್ಲ ಕೊನೆಗೆ. ಪೂರ್ತಿ ಸಿ ಡ್ರೈವನ್ನೇ ಒಟ್ಟಿಗೆ ಎಳೆದು ಹಾಕಲು ಹೋಗಬೇಡಿ, ಮಧ್ಯದಲ್ಲಿ ಒಂದು ಕೆಟ್ಟ ಫೈಲ್ ಸಿಕ್ಕಿದರೆ ಅಲ್ಲೇ ತಗಲಿಹಾಕಿಕೊಳ್ಳುತ್ತದೆ. ಒಂದೊಂದೇ ಫೋಲ್ಡರ್ ಮಾಡಿ. ಎಲ್ಲಿ ನಿಂತುಹೋಯಿತೋ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಜನ ಮರೆಯುವ ಜಾಗಗಳು ಕೆಲವಿವೆ. ಟ್ಯಾಲಿ ಪ್ರೈಮ್‌ನ ಡೇಟಾ ಮಾಮೂಲಾಗಿ ನಿಮ್ಮ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ ಇರುತ್ತದೆ. ಅಂಗಡಿ ಲೆಕ್ಕ ಬರೆಯುವವರು ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಾಪಿ ಮಾಡಿರುತ್ತಾರೆ. ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳು ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಫೈಲ್ ಜೊತೆಗೆ ಆ ಫಾಂಟ್‌ಗಳೂ ಬೇಕು. ಇಲ್ಲದಿದ್ದರೆ ಹೊಸ ಡಿಸ್ಕ್‌ನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಔಟ್‌ಲುಕ್ ಬಳಸುವವರು ಮೇಲ್ ಫೈಲ್ ನೋಡಿಕೊಳ್ಳಿ. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಅಕೌಂಟ್‌ಗೆ ಸಿಂಕ್ ಆಗಿವೆಯಾ ನೋಡಿ. ಡೆಸ್ಕ್‌ಟಾಪ್ ಪಕ್ಕ ಒನ್‌ಡ್ರೈವ್‌ನ ಮೋಡದ ಗುರುತು ಇದೆ ಅಂತ ಧೈರ್ಯವಾಗಿ ಇರಬೇಡಿ, ಉಚಿತ ಅಕೌಂಟ್‌ಗೆ ಸಿಗುವುದು 5 ಜಿಬಿ ಮಾತ್ರ. ಅದು ತುಂಬಿದ ದಿನದಿಂದ ಏನೂ ಮೇಲಕ್ಕೆ ಹೋಗಿರುವುದಿಲ್ಲ.

ವಿಂಡೋಸೇ ಆನ್ ಆಗುತ್ತಿಲ್ಲ, ಆದರೆ ಬಯೋಸ್‌ನಲ್ಲಿ ಡಿಸ್ಕ್ ಕಾಣುತ್ತಿದೆ ಅನ್ನುವುದಾದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಪೆನ್ ಡ್ರೈವ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಟ್ರೈ ಅನ್ನುವುದನ್ನು ಒತ್ತಿ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿಸ್ಕ್ ಕಾಣುತ್ತದೆ, ಅಲ್ಲಿಂದ ಕಾಪಿ ಮಾಡಿಕೊಳ್ಳಬಹುದು. ಸ್ವಲ್ಪ ಲಿನಕ್ಸ್ ಗೊತ್ತಿದ್ದವರು ಡಿಡಿ ರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಬೇಕಾದ ರೀತಿ ಅದೇ.

ಇಲ್ಲಿ ಬಿಟ್‌ಲಾಕರ್ ಅನ್ನುವ ಗೋಡೆ ಎದುರಾಗಬಹುದು, ಅದು ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಮಾಮೂಲು, ನಿಮಗೆ ಗೊತ್ತೇ ಇರುವುದಿಲ್ಲ. 48 ಅಂಕಿಯ ರಿಕವರಿ ಕೀ ಇಲ್ಲದೆ ಒಳಗೆ ಹೋಗಲು ಸಾಧ್ಯವಿಲ್ಲ. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಡಿವೈಸಸ್ ಒಳಗೆ ನೋಡಿದರೆ ಕೀ ಸಿಗುತ್ತದೆ. ಲ್ಯಾಪ್‌ಟಾಪ್ ತಂದ ದಿನ ಅಂಗಡಿ ಹುಡುಗನೇ ಯಾವುದೋ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಆ ಐಡಿಯಲ್ಲೇ ಇರುತ್ತದೆ, ಇವತ್ತೇ ಹೋಗಿ ಅವನನ್ನು ಹಿಡಿಯಿರಿ.

ಟಕ್ ಟಕ್ ಸದ್ದು ಬರುತ್ತಿದೆ, ಒಳಗಿನದು ಬೇಕೇ ಬೇಕು ಅಂದರೆ ನೀವಾಗಿ ಏನೂ ಮಾಡದೆ ಆಫ್ ಮಾಡಿ. ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರೇ ಬೇಕು. ಅದರ ಖರ್ಚು ಕೆಲವೊಮ್ಮೆ ಹೊಸ ಡಿಸ್ಕ್‌ನ ಎಷ್ಟೋ ಪಟ್ಟು ಆಗುತ್ತದೆ, ಡಿಸ್ಕ್ ಬಿಚ್ಚಿದರೆ ಅದರ ವಾರಂಟಿಯೂ ಹೋಗುತ್ತದೆ. ಡೇಟಾ ಬೇಕೋ, ಪುಕ್ಕಟೆ ಡಿಸ್ಕ್ ಬೇಕೋ ಅಂತ ಆಗಲೇ ತೀರ್ಮಾನಿಸಿ.

ಸಾಕ್ಷಿ

ಡೇಟಾ ಹೊರಗೆ ಬಂದ ಮೇಲೆ ಡಿಸ್ಕ್‌ಗೆ ಎಷ್ಟು ಕೆಲಸ ಕೊಟ್ಟರೂ ಪರವಾಗಿಲ್ಲ. ಕಂಪನಿಯವರು ತಮ್ಮದೇ ಟೆಸ್ಟ್ ಕೊಡುವ ಎರರ್ ಕೋಡ್ ಕೇಳುತ್ತಾರೆ. ಅದನ್ನು ನೀವೇ ತೆಗೆದಿಟ್ಟುಕೊಂಡರೆ ಫೋನ್‌ನಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಎಚ್‌ಪಿ ಆದರೆ ಆನ್ ಮಾಡಿದ ತಕ್ಷಣ ಎಸ್ಕೇಪ್ ಒತ್ತುತ್ತಾ ಇದ್ದು ಆಮೇಲೆ ಎಫ್2. ಡೆಲ್ ಆದರೆ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿ. ಲೆನೋವೋಗೆ ವ್ಯಾಂಟೇಜ್, ಏಸುಸ್‌ಗೆ ಮೈ ಏಸುಸ್ ಆಪ್ ಒಳಗೆ ಹಾರ್ಡ್‌ವೇರ್ ಟೆಸ್ಟ್ ಇದೆ. ಬೇಗ ಮುಗಿಯುವ ಟೆಸ್ಟ್‌ನಲ್ಲಿ ಪಾಸ್ ಅಂತ ಬಂದರೂ ದೀರ್ಘ ಟೆಸ್ಟ್ ಓಡಿಸಿ. ರಾತ್ರಿ ಚಾರ್ಜರ್ ಹಾಕಿ ಬಿಟ್ಟರೆ ಆಯಿತು.

ಫೇಲ್ ಅಂತ ಬಂದ ಸ್ಕ್ರೀನನ್ನು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಕೋಡ್‌ನ ಪ್ರತಿ ಅಕ್ಷರವೂ ಓದುವ ಹಾಗಿರಲಿ. ಸದ್ದು ಬರುತ್ತಿದ್ದರೆ ಮೊಬೈಲನ್ನು ಕೀಬೋರ್ಡ್ ಹತ್ತಿರ ಹಿಡಿದು ವಿಡಿಯೋ ಮಾಡಿ. ಲ್ಯಾಪ್‌ಟಾಪ್‌ನ ನಾಲ್ಕು ಮೂಲೆ, ಹಿಂಜ್, ಕೆಳಭಾಗದ ಫೋಟೋಗಳೂ ಬೇಕು. ಬೀಳಿಸಿದ್ದೀರಿ, ನೀರು ಹೋಗಿದೆ ಅಂತ ಆಮೇಲೆ ಯಾರಾದರೂ ಹೇಳಿದರೆ ತೋರಿಸಲು ಇದೇ ಆಧಾರ. ಬಿಲ್, ತಳದ ಸ್ಟಿಕ್ಕರ್‌ನಲ್ಲಿರುವ ಸೀರಿಯಲ್ ನಂಬರ್, ಬಾಕ್ಸ್ ಮೇಲಿನ ಲೇಬಲ್ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಳ್ಳಿ.

ಆಮೇಲೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ನೋಡಿ. ಕೆಲವೊಮ್ಮೆ ಅಲ್ಲಿ ವಾರಂಟಿ ಶುರುವಾಗಿರುವುದು ನೀವು ಕೊಂಡ ದಿನ ಅಲ್ಲ, ಕಂಪನಿಯಿಂದ ಡೀಲರ್‌ಗೆ ಹೊರಟ ದಿನ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಪೀಸ್ ಆದರೆ ಅಷ್ಟು ವಾರಂಟಿ ನಿಮ್ಮ ಕೈ ತಪ್ಪಿರುತ್ತದೆ. ಜಿಎಸ್‌ಟಿ ಬಿಲ್ ಕಳಿಸಿದರೆ ಸರಿ ಮಾಡಿಕೊಡುತ್ತಾರೆ. ಬಿಲ್ ಬೇಡ, ಸ್ವಲ್ಪ ಕಡಿಮೆ ಮಾಡಿ ಅಂತ ಕೈಚೀಟಿ ತಂದಿದ್ದರೆ ಆ ಉಳಿತಾಯದ ಬೆಲೆ ಈಗ ಗೊತ್ತಾಗುತ್ತದೆ.

ಡಿಸ್ಕ್ ತಯಾರಿಸಿದ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಹತ್ತಿರ ನೇರವಾಗಿ ಹೋಗಬಹುದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಲ್ಯಾಪ್‌ಟಾಪ್ ಒಳಗೆ ಬಂದ ಡಿಸ್ಕ್‌ಗೆ ಲ್ಯಾಪ್‌ಟಾಪ್ ಕಂಪನಿಯೇ ದಿಕ್ಕು.

ಅಂಗಡಿಗೋ, ಕಂಪನಿಗೋ?

ಆನ್‌ಲೈನ್‌ನಲ್ಲಿ ತಂದು ಇನ್ನೂ ಕೆಲವೇ ದಿನ ಆಗಿದ್ದರೆ ಡಿಸ್ಕ್ ಬದಲಿಸುವ ಮಾತೇ ಬೇಡ, ಇಡೀ ಲ್ಯಾಪ್‌ಟಾಪ್ ವಾಪಸ್ ಕೊಡಿ. ಈ ಅವಧಿ ತುಂಬ ಸಣ್ಣದು, ಆರ್ಡರ್ ಪೇಜ್‌ನಲ್ಲಿ ಕೊನೆಯ ದಿನಾಂಕ ಇರುತ್ತದೆ. ಒಂದು ದಿನ ದಾಟಿದರೂ ಕಂಪನಿಗೆ ಫೋನ್ ಮಾಡಿ ಅನ್ನುತ್ತಾರೆ. ದೇವರಾಜ ಅರಸು ರಸ್ತೆಯಲ್ಲೋ, ಮಂಡ್ಯದ ನೂರಡಿ ರಸ್ತೆಯಲ್ಲೋ ಅಂಗಡಿಯಲ್ಲಿ ತಂದಿದ್ದರೆ ಮೊದಲ ವಾರದಲ್ಲೇ ಹೋಗಿ ಕೇಳಿ. ಅವರು ಸಾಮಾನ್ಯವಾಗಿ ಸರ್ವಿಸ್ ಸೆಂಟರ್‌ನಿಂದ ಡಿಒಎ ಪತ್ರ ತನ್ನಿ ಅನ್ನುತ್ತಾರೆ. ಬರುವಾಗಲೇ ಕೆಟ್ಟಿತ್ತು ಅಂತ ಕಂಪನಿ ಕೊಡುವ ಪತ್ರ ಅದು. ಪತ್ರ ಸಿಕ್ಕರೆ ಹೊಸ ಪೀಸ್ ಕೇಳುವುದು ಸುಲಭ. ಹುಡುಗ ಒಳ್ಳೆಯವನು, ನೋಡೋಣ ಸಾರ್ ಅಂದ ಅಂತ ದಿನ ತಳ್ಳಿದರೆ ಅವಧಿ ಮುಗಿಯುತ್ತದೆ ಅಷ್ಟೆ.

ಅವಧಿ ದಾಟಿದ್ದರೆ ಕಂಪನಿಯೇ ಗತಿ. ನಿಮ್ಮದು ಆನ್‌ಸೈಟ್ ವಾರಂಟಿಯಾ, ಕ್ಯಾರಿ ಇನ್ ವಾರಂಟಿಯಾ ನೋಡಿ. ಆನ್‌ಸೈಟ್ ಅಂದರೆ ಇಂಜಿನಿಯರ್ ಮನೆಗೆ ಬರುತ್ತಾರೆ, ಕ್ಯಾರಿ ಇನ್ ಅಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಆನ್‌ಸೈಟ್ ಇದ್ದರೂ ಎಲ್ಲ ಪಿನ್ ಕೋಡ್‌ಗೂ ಒಂದೇ ವೇಗದಲ್ಲಿ ಬರುವುದಿಲ್ಲ. 571401 ಅಂತ ಮಂಡ್ಯದ ಪಿನ್ ಕೋಡ್ ಹೇಳಿ, ಎಷ್ಟು ದಿನ ಅಂತ ಬಾಯಿಬಿಟ್ಟು ಕೇಳಿ. ಮದ್ದೂರು, ಪಾಂಡವಪುರ, ನಾಗಮಂಗಲದ ಕಡೆಯವರು ಹಳ್ಳಿಯ ವಿಳಾಸ ಕೊಟ್ಟು ಕಾಯುವುದಕ್ಕಿಂತ, ಕೆಲಸ ಮಾಡುವ ಜಾಗವೋ ನೆಂಟರ ಮನೆಯೋ ಮೈಸೂರಿನಲ್ಲಿ ಇದ್ದರೆ ಆ ವಿಳಾಸ ಕೊಡುವುದು ಎಷ್ಟೋ ಸಲ ಸಲೀಸು.

ಗೂಗಲ್‌ನಲ್ಲಿ ಕಂಪನಿ ಹೆಸರು, ಸರ್ವಿಸ್ ಸೆಂಟರ್, ಮೈಸೂರು ಅಂತ ಹುಡುಕಿ ಮೊದಲು ಬಂದ ನಂಬರ್‌ಗೆ ಫೋನ್ ಮಾಡಬೇಡಿ. ಎಲ್ಲ ಕಂಪನಿಗಳ ಲೋಗೋ ಒಂದೇ ಬೋರ್ಡ್ ಮೇಲೆ ಹಾಕಿಕೊಂಡ ಖಾಸಗಿ ಅಂಗಡಿಗಳು ಮೇಲೆ ಬರುತ್ತವೆ. ಅವರು ಕೆಲಸ ಬಾರದವರು ಅಂತಲ್ಲ, ಆದರೆ ವಾರಂಟಿ ಕೆಲಸ ಅವರದ್ದಲ್ಲ. ಅವರ ಕೈಯಲ್ಲಿ ಒಮ್ಮೆ ಬಿಚ್ಚಿಸಿದರೆ ಕಂಪನಿಗೆ ನೆಪ ಸಿಗುತ್ತದೆ. ಇನ್ನು ಕೆಲವು ನಂಬರ್‌ಗಳು ಶುದ್ಧ ಮೋಸ. ಎನಿಡೆಸ್ಕ್ (ದೂರದಿಂದಲೇ ನಿಮ್ಮ ಸ್ಕ್ರೀನ್ ನಡೆಸುವ ಆಪ್) ಹಾಕಿ, ಹತ್ತು ರೂಪಾಯಿ ಯುಪಿಐ ಮಾಡಿ ಅಂದರೆ ಫೋನ್ ಇಟ್ಟುಬಿಡಿ. ನಂಬರ್ ಬೇಕಾದರೆ ವಾರಂಟಿ ಪುಸ್ತಕದಲ್ಲಿ ಅಥವಾ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ.

ಫೋನ್‌ನಲ್ಲಿ ಏನು ಹೇಳಬೇಕು

ಲ್ಯಾಪ್‌ಟಾಪ್ ಸ್ಲೋ ಇದೆ ಸಾರ್ ಅಂತ ಶುರು ಮಾಡಿದರೆ ಕೆಟ್ಟಿರಿ. ಆ ಕಡೆಯವರ ಮುಂದೆ ಸ್ಲೋ ಅನ್ನುವುದಕ್ಕೆ ಒಂದು ಉದ್ದ ಪಟ್ಟಿ ಇರುತ್ತದೆ, ಅದನ್ನೆಲ್ಲ ನಿಮ್ಮಿಂದ ಮಾಡಿಸುತ್ತಾರೆ, ಕೊನೆಗೆ ವಿಂಡೋಸ್ ಮತ್ತೆ ಹಾಕಿ ನೋಡಿ ಅನ್ನುತ್ತಾರೆ. ನೇರವಾಗಿ ಹೇಳಿ: ಸೀರಿಯಲ್ ನಂಬರ್ ಇದು, ಕೊಂಡ ದಿನ ಇದು, ನಿಮ್ಮದೇ ಟೆಸ್ಟ್‌ನಲ್ಲಿ ಡಿಸ್ಕ್ ಫೇಲ್ ಆಗಿದೆ, ಕೋಡ್ ಇದು, ಡಿಸ್ಕ್ ಬದಲಿಸಿಕೊಡಿ. ಬಯೋಸ್ ಅಪ್‌ಡೇಟ್ ಮಾಡಿ ಅಂದರೆ ಮಾಡಿ, ತೊಂದರೆ ಇಲ್ಲ. ಮಾಡುವ ಮುಂಚೆ ಬಿಟ್‌ಲಾಕರ್ ಕೀ ಕೈಯಲ್ಲಿ ಇರಲಿ, ಅಪ್‌ಡೇಟ್ ಆದ ಮೇಲೆ ಅದನ್ನು ಕೇಳಬಹುದು.

ಕಂಪ್ಲೇಂಟ್ ನಂಬರ್ ತೆಗೆದುಕೊಳ್ಳದೆ ಫೋನ್ ಇಡಬೇಡಿ. ಆಮೇಲೆ ಅದೇ ವಿಷಯವನ್ನು ಈಮೇಲ್‌ನಲ್ಲೂ ಹಾಕಿ, ಫೋಟೋ ಸಮೇತ. ಫೋನ್‌ನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಮೇಲ್ ಉಳಿಯುತ್ತದೆ.

ಕೌಂಟರ್‌ನಲ್ಲಿ

ಸೆಂಟರ್‌ಗೆ ಹೋಗುವ ಮುಂಚೆ ಪಾರ್ಟ್ ಬಂದಿದೆಯಾ ಅಂತ ಕೇಳಿ. ಲ್ಯಾಪ್‌ಟಾಪ್ ಇಟ್ಟು ಹೋಗಿ, ಪಾರ್ಟ್ ಬಂದಾಗ ಹಾಕುತ್ತೇವೆ ಅಂದರೆ ಅದು ಅಲ್ಲೇ ಶೆಲ್ಫ್‌ನಲ್ಲಿ ಕೂರುತ್ತದೆ. ಕಂಪ್ಲೇಂಟ್ ದಾಖಲಾಗಿದ್ದರೆ ಪಾರ್ಟ್ ತರಿಸಿ, ಬಂದ ದಿನ ತರುತ್ತೇನೆ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಕೆಲವರು ಒಪ್ಪುತ್ತಾರೆ. ದಸರಾ ಹೊತ್ತಲ್ಲಿ ಮೈಸೂರಿಗೆ ಬರುವವರು ಜಂಬೂಸವಾರಿಯ ದಿನ ಬಿಟ್ಟು ಬೇರೆ ದಿನ ನೋಡಿಕೊಳ್ಳಿ, ಪೇಟೆಯ ಮುಖ್ಯ ರಸ್ತೆಗಳಲ್ಲಿ ಓಡಾಡಲು ಆಗುವುದಿಲ್ಲ. ಮಂಡ್ಯದಿಂದ ಬಸ್ಸಿನಲ್ಲಿ ಬರುವವರು ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ ಬ್ಯಾಗಿಗೆ ಹಾಕಿ. ಮುಚ್ಚಳ ಮುಚ್ಚಿದರೆ ಸಾಕು ಅಂದುಕೊಂಡರೆ ಅದು ಬ್ಯಾಗ್ ಒಳಗೇ ಎದ್ದು ಬಿಸಿಯಾಗುತ್ತಿರುತ್ತದೆ, ತಿರುಗುವ ಡಿಸ್ಕ್ ಆದರೆ ಆ ಕುಲುಕಾಟಕ್ಕೆ ಇನ್ನಷ್ಟು ಹಾಳಾಗುತ್ತದೆ.

ಜಾಬ್ ಶೀಟ್ ಅಂತ ಒಂದು ಹಾಳೆ ಕೊಡುತ್ತಾರೆ. ಇಡೀ ವ್ಯವಹಾರದಲ್ಲಿ ಅದಕ್ಕಿಂತ ಮುಖ್ಯ ಕಾಗದ ಇಲ್ಲ. ಪರಿಚಯದ ಹುಡುಗಿಯೊಬ್ಬಳು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳ ಜಾಬ್ ಶೀಟ್‌ನಲ್ಲಿ ತೊಂದರೆ ಅನ್ನುವ ಜಾಗದಲ್ಲಿ ಕೌಂಟರ್‌ನವರು ಹ್ಯಾಂಗಿಂಗ್ ಅಂತ ಒಂದೇ ಪದ ಬರೆದಿದ್ದರು. ಕೆಲವು ದಿನ ಬಿಟ್ಟು ಲ್ಯಾಪ್‌ಟಾಪ್ ವಾಪಸ್ ಬಂತು. ವಿಂಡೋಸ್ ಹೊಸದಾಗಿ ಹಾಕಿದ್ದರು, ಟೆಸ್ಟೆಡ್ ಓಕೆ ಅಂತ ಬರೆದಿದ್ದರು, ಒಳಗೆ ಅದೇ ಡಿಸ್ಕ್. ಕೇಳಿದರೆ, ಹ್ಯಾಂಗ್ ಆಗುತ್ತಿತ್ತು, ಈಗ ಆಗುತ್ತಿಲ್ಲವಲ್ಲ ಅಂದರು. ಕಾಗದದ ಪ್ರಕಾರ ಅವರು ಹೇಳಿದ್ದು ಸರಿಯೇ. ಹಾಗಾಗಿ ಅಲ್ಲಿ ಬರೆಸಬೇಕಾದ್ದು ಹೀಗಿರಬೇಕು: ಕಂಪನಿಯ ಡಯಾಗ್ನಾಸ್ಟಿಕ್ ಟೆಸ್ಟ್‌ನಲ್ಲಿ ಡಿಸ್ಕ್ ಫೇಲ್, ಕೋಡ್ ಇಂಥದ್ದು, ಡಿಸ್ಕ್ ಬದಲಿಸಬೇಕು. ಅವರು ಬರೆಯದಿದ್ದರೆ ಸಹಿ ಹಾಕುವ ಜಾಗದ ಮೇಲೆ ನೀವೇ ಪೆನ್ನಿನಲ್ಲಿ ಬರೆದು ಸಹಿ ಮಾಡಿ.

ಅದೇ ಹಾಳೆಯಲ್ಲಿ ಡಿಸ್ಕ್‌ನ ಸೈಜ್, ರ‍್ಯಾಮ್ ಎಷ್ಟು, ಚಾರ್ಜರ್ ಕೊಟ್ಟಿದ್ದೀರಾ ಇಲ್ಲವಾ, ಮೈ ಮೇಲಿನ ಗೀರುಗಳು ಎಲ್ಲ ಇರಲಿ. ಚಾರ್ಜರ್ ಕೇಳದಿದ್ದರೆ ಕೊಡಬೇಡಿ. ಹಾಳೆಯ ಫೋಟೋ ತೆಗೆದುಕೊಂಡೇ ಹೊರಗೆ ಬನ್ನಿ.

ವಿಂಡೋಸ್ ಪಾಸ್‌ವರ್ಡ್ ಕೊಡಿ ಅನ್ನುತ್ತಾರೆ. ಡಿಸ್ಕ್ ಬದಲಿಸುವುದಕ್ಕೆ ಅದು ಯಾಕೆ ಬೇಕು? ಹೊಸ ಡಿಸ್ಕ್ ಖಾಲಿ ಇರುತ್ತದೆ ಅಲ್ವಾ. ಬಯೋಸ್ ಪಾಸ್‌ವರ್ಡ್ ಇಟ್ಟಿದ್ದರೆ ಮಾತ್ರ ತೆಗೆದು ಕೊಡಿ.

ಹಳೇ ಡಿಸ್ಕ್ ಯಾರಿಗೆ?

ವಾರಂಟಿಯಲ್ಲಿ ಬದಲಿಸಿದರೆ ಕೆಟ್ಟ ಡಿಸ್ಕ್ ಕಂಪನಿಗೆ ಹೋಗುತ್ತದೆ, ಇದು ಸಾಮಾನ್ಯ ನಿಯಮ. ನಿಮ್ಮ ಆಧಾರ್ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅದರ ಜೊತೆಗೇ ಹೋಗುತ್ತದೆ. ಬಿಟ್‌ಲಾಕರ್ ಆನ್ ಇದ್ದರೆ ಅಷ್ಟು ಚಿಂತೆ ಇಲ್ಲ, ಕೀ ಇಲ್ಲದೆ ಯಾರೂ ಓದಲಾರರು. ಇಲ್ಲದಿದ್ದರೆ, ಡಿಸ್ಕ್ ಇನ್ನೂ ಸ್ವಲ್ಪ ಉಸಿರಾಡುತ್ತಿದ್ದರೆ, ಕಾಪಿ ಆದ ಮೇಲೆ ಖಾಸಗಿ ಫೋಲ್ಡರ್‌ಗಳನ್ನು ಅಳಿಸಿ, ಸಾಧ್ಯವಾದರೆ ಪೂರ್ತಿ ವೈಪ್ ಮಾಡಿ. ಪೂರ್ತಿ ಸತ್ತಿದ್ದರೆ ಬ್ಯಾಂಕ್, ಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ, ಗೂಗಲ್ ಮತ್ತು ಮೈಕ್ರೋಸಾಫ್ಟ್ ಅಕೌಂಟ್‌ಗಳಿಂದ ಆ ಲ್ಯಾಪ್‌ಟಾಪನ್ನು ಸೈನ್ ಔಟ್ ಮಾಡಿಸಿ. ವಕೀಲರು, ಆಡಿಟರ್‌ಗಳು, ಡಾಕ್ಟರ್‌ಗಳು ಕೆಟ್ಟ ಡಿಸ್ಕನ್ನು ತಾವೇ ಇಟ್ಟುಕೊಳ್ಳುವ ಪ್ಲಾನ್ ಇದೆಯಾ ಅಂತ ಕೇಳಿ. ಡೆಲ್ ಮತ್ತು ಎಚ್‌ಪಿ ದುಡ್ಡು ತೆಗೆದುಕೊಂಡು ಅಂಥ ಸೌಲಭ್ಯ ಕೊಡುತ್ತವೆ. ಆಫೀಸ್ ಬಳಕೆಯ ಮಾಡೆಲ್‌ಗಳಲ್ಲಿ ಅದು ಜಾಸ್ತಿ.

ಮ್ಯಾಕ್‌ಬುಕ್ ಇರುವವರಿಗೂ, 64 ಜಿಬಿಯ ಇಎಂಎಂಸಿ (ಡಿಸ್ಕ್ ಬದಲು ಇರುವ ಚಿಪ್) ಇರುವ ಅಗ್ಗದ ಲ್ಯಾಪ್‌ಟಾಪ್ ಇರುವವರಿಗೂ ಈ ಕಥೆಯೇ ಬೇರೆ. ಇಎಂಎಂಸಿಯಲ್ಲೂ ಬಹುತೇಕ ಮ್ಯಾಕ್‌ಬುಕ್‌ಗಳಲ್ಲೂ ಸ್ಟೋರೇಜ್ ಬೋರ್ಡ್‌ಗೇ ಬೆಸೆದಿರುತ್ತದೆ. ಡಿಸ್ಕ್ ಹೋಯಿತು ಅಂದರೆ ಬೋರ್ಡೇ ಬದಲಾಗುತ್ತದೆ.

ವಾಪಸ್ ಬಂದ ಮೇಲೆ, ಅಲ್ಲೇ ನಿಂತು ನೋಡಿ

ಕೌಂಟರ್‌ನಲ್ಲೇ ಆನ್ ಮಾಡಿ. 512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 476 ಜಿಬಿ ಅಂತ ಕಾಣುತ್ತದೆ, 1 ಟಿಬಿ ಅಂದರೆ 931. ಇದು ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. 238 ಅಂತ ಕಂಡರೆ ಮಾತ್ರ ಜಗಳ ಆಡಿ, ಅದು 256ರ ಡಿಸ್ಕ್.

ಪೆನ್ ಡ್ರೈವ್‌ನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆಗೆದುಕೊಂಡು ಹೋಗಿದ್ದರೆ ಪವರ್ ಆನ್ ಅವರ್ಸ್ ನೋಡಿ. ಹೊಸ ಡಿಸ್ಕ್ ಆದರೆ ಅಲ್ಲಿ ಬೆರಳೆಣಿಕೆಯ ಗಂಟೆ ಇರಬೇಕು. ಸಾವಿರಗಟ್ಟಲೆ ಇದ್ದರೆ ಬೇರೆಯವರು ಬಳಸಿ ಬಿಟ್ಟ, ರಿಪೇರಿ ಆದ ಡಿಸ್ಕ್. ವಾರಂಟಿಯ ಷರತ್ತಿನಲ್ಲಿ ಅಂಥ ಪಾರ್ಟ್ ಹಾಕಬಹುದು ಅಂತ ಬರೆದಿರುವುದು ಮಾಮೂಲು, ಹಾಗಾಗಿ ಕಾನೂನಿನ ಜಗಳ ಗೆಲ್ಲುವುದು ಕಷ್ಟ. ಆದರೆ ತಿಂಗಳ ಹಿಂದೆ ತಂದ ಲ್ಯಾಪ್‌ಟಾಪ್‌ಗೆ ಹಳೇ ಡಿಸ್ಕ್ ಯಾಕೆ ಅಂತ ಮ್ಯಾನೇಜರ್ ಹತ್ತಿರ ಗಟ್ಟಿಯಾಗಿ ಕೇಳಿ, ಮೇಲ್ ಹಾಕಿ. ಕೇಳಿದವರಿಗೆ ಬದಲಿಸಿಕೊಟ್ಟಿದ್ದೂ ಇದೆ. 05, ಸಿ5 ಸೊನ್ನೆ ಇಲ್ಲದಿದ್ದರಂತೂ ಮನೆಗೆ ತರಲೇಬೇಡಿ.

ಎಲ್ಲ ಸ್ಕ್ರೂ ಇವೆಯಾ, ಯುಎಸ್‌ಬಿ, ವೈಫೈ, ಸ್ಪೀಕರ್ ಕೆಲಸ ಮಾಡುತ್ತವೆಯಾ, ಮುಚ್ಚಳದ ಅಂಚು ಸರಿಯಾಗಿ ಕೂತಿದೆಯಾ ನೋಡಿ. ಬಿಚ್ಚುವಾಗ ಸಣ್ಣ ಕ್ಲಿಪ್ ಮುರಿದಿದ್ದರೆ ಮನೆಗೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ. ಬದಲಿಸಿದ ಡಿಸ್ಕ್‌ಗೆ ಎಷ್ಟು ದಿನ ವಾರಂಟಿ ಅಂತ ಕೇಳಿ, ಹೊಸ ಸೀರಿಯಲ್ ನಂಬರನ್ನು ಶೀಟ್ ಮೇಲೆ ಬರೆಸಿ.

ವಿಂಡೋಸ್ ಮತ್ತೆ ಹಾಕುವುದು

ಕೆಲವರು ಹಾಕಿಕೊಡುತ್ತಾರೆ, ಕೆಲವರು ಖಾಲಿ ಡಿಸ್ಕ್ ಕೊಟ್ಟು ಕೈ ಮುಗಿಯುತ್ತಾರೆ. ಖಾಲಿ ಬಂದರೆ ಹೆದರಬೇಡಿ, ಲೈಸೆನ್ಸ್ ಎಲ್ಲೂ ಹೋಗಿಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್‌ನ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಎಡಿಷನ್ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಹಾಗಿರುವಾಗ ವಿಂಡೋಸ್‌ಗೆ ಇಷ್ಟು ಕೊಡಿ ಅಂತ ಕೇಳುವವರಿಗೆ ದುಡ್ಡು ಕೊಡಬೇಡಿ. ಅವರು ಹಾಕುವುದು ಎಷ್ಟೋ ಸಲ ಕ್ರ್ಯಾಕ್ ಮಾಡಿದ ಪ್ರೋ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ನೋಡಿ, ನಿಮ್ಮದು ಹೋಂ ಆಗಿದ್ದರೆ ಹೋಂ ಅಂತಲೇ ಇರಬೇಕು. ಜೊತೆಗೆ ಬಂದ ಆಫೀಸ್, ನೀವು ಮೊದಲು ಆಕ್ಟಿವೇಟ್ ಮಾಡಿದ ಮೈಕ್ರೋಸಾಫ್ಟ್ ಅಕೌಂಟ್‌ಗೆ ಕಟ್ಟಿಕೊಂಡಿರುತ್ತದೆ. ಅದೇ ಐಡಿಯಿಂದ ಲಾಗಿನ್ ಆದರೆ ವಾಪಸ್ ಸಿಗುತ್ತದೆ.

ನೀವೇ ಹಾಕುವುದಾದರೆ ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ಮಾಡಿಕೊಳ್ಳಿ. ಡೆಲ್, ಎಚ್‌ಪಿ, ಲೆನೋವೋ ಮೂರಕ್ಕೂ ಕಂಪನಿಯದೇ ರಿಕವರಿ ಟೂಲ್ ಇದೆ. ಸೀರಿಯಲ್ ನಂಬರ್ (ಎಚ್‌ಪಿಗೆ ಪ್ರಾಡಕ್ಟ್ ನಂಬರ್) ಕೊಟ್ಟರೆ ಡ್ರೈವರ್ ಸಮೇತ ನಿಮ್ಮ ಮಾಡೆಲ್‌ಗೇ ಆದ ಪೆನ್ ಡ್ರೈವ್ ತಯಾರಾಗುತ್ತದೆ. ಅದು ಸಿಕ್ಕರೆ ಅದೇ ಒಳ್ಳೆಯದು.

ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣುತ್ತಿಲ್ಲ ಅಂದರೆ ಹೊಸ ಡಿಸ್ಕೂ ಕೆಟ್ಟಿದೆ ಅಂತ ಗಾಬರಿ ಆಗಬೇಡಿ. ಇಂಟೆಲ್ 11ನೇ ಪೀಳಿಗೆ ಮತ್ತು ಅದರ ನಂತರದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ಸೆಟ್ಟಿಂಗ್ ಆನ್ ಇರುತ್ತದೆ. ಅದಕ್ಕೆ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಬೇಕು. ಕಂಪನಿಯ ವೆಬ್‌ಸೈಟ್‌ನಿಂದ ಇಳಿಸಿ, ಬಿಡಿಸಿ, ಅದೇ ಪೆನ್ ಡ್ರೈವ್‌ಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷ ಆಗುತ್ತದೆ. ಎಷ್ಟೋ ಜನ ಈ ಒಂದು ಸ್ಕ್ರೀನ್‌ನಲ್ಲಿ ಸಿಕ್ಕಿಬಿದ್ದು ಮತ್ತೆ ಸರ್ವಿಸ್ ಸೆಂಟರ್‌ಗೆ ಅಲೆದಿದ್ದಾರೆ. ಕೆಲಸ ಮುಗಿದ ಮೇಲೆ ಬಿಟ್‌ಲಾಕರ್‌ನ ಹೊಸ ಕೀ ಬರೆದಿಟ್ಟುಕೊಳ್ಳಿ, ಹಳೇ ಕೀ ಹಳೇ ಡಿಸ್ಕ್‌ಗೆ ಮಾತ್ರ.

ಎಳೆದಾಡಿದರೆ

ಪಾರ್ಟ್ ಬಂದಿಲ್ಲ, ನಾಳೆ, ನಾಡಿದ್ದು ಅಂತ ವಾರಗಟ್ಟಲೆ ಹೋದರೆ ಕೌಂಟರ್‌ನಲ್ಲಿ ಕೂಗಾಡಿ ಪ್ರಯೋಜನ ಇಲ್ಲ. ಅಲ್ಲಿ ಕೂತ ಹುಡುಗನಿಗೆ ಪಾರ್ಟ್ ತರಿಸುವ ಅಧಿಕಾರ ಇರುವುದಿಲ್ಲ. ಕಂಪ್ಲೇಂಟ್ ನಂಬರ್, ಜಾಬ್ ಶೀಟ್ ಫೋಟೋ ಹಾಕಿ ಕಂಪನಿಯ ಮೇಲಿನವರಿಗೆ ಮೇಲ್ ಮಾಡಿ, ಇಷ್ಟು ದಿನದೊಳಗೆ ಅಂತ ಗಡುವು ಕೊಡಿ. ಆಗಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ಆದರೂ ಕಂಪನಿಯ ಒಳಗೆ ಯಾರೋ ಒಬ್ಬರು ನಿಮ್ಮ ಫೈಲ್ ತೆರೆಯುವ ಹಾಗಾಗುತ್ತದೆ. ಬಹಳಷ್ಟು ಸಲ ಅಷ್ಟೇ ಬೇಕಾಗಿರುವುದು.

ಅದೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. ಮೈಸೂರಿಗೂ ಮಂಡ್ಯಕ್ಕೂ ಬೇರೆ ಬೇರೆ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಆಫೀಸ್ ಬೆಂಗಳೂರಿನಲ್ಲಿ ಇರಲಿ, ಗುರುಗ್ರಾಮದಲ್ಲಿ ಇರಲಿ, ನೀವು ಅಲ್ಲಿಗೆ ಹೋಗಬೇಕಾಗಿಲ್ಲ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಅಂಗಡಿ ವ್ಯವಹಾರಕ್ಕೆ ಅಂತ ಕೊಂಡಿದ್ದರೆ ನೀವು ಗ್ರಾಹಕರೇ ಅಲ್ಲ ಅಂತ ಎದುರಿನವರು ವಾದ ಮಾಡಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಬಳಸುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಅದನ್ನು ದೂರಿನಲ್ಲೇ ಬರೆಯಿರಿ. ಕೆಲಸ ಕೆಟ್ಟ ದಿನಗಳ ನಷ್ಟ, ಓಡಾಟದ ಖರ್ಚು, ಡೇಟಾ ತೆಗೆಸಲು ಕೊಟ್ಟ ಬಿಲ್ ಇದ್ದರೆ ಅದನ್ನೂ ಸೇರಿಸಿ. ಎಲ್ಲದಕ್ಕೂ ರಸೀದಿ ಬೇಕು, ಬಸ್ ಟಿಕೆಟ್ ಕೂಡ ಎಸೆಯಬೇಡಿ.